ತಿಪ್ಪೇಶಿಯ ಸೈರನ್ನೂ ಬೆಳಕಿನ ತಂತಿಯೂ

ತಿಪ್ಪೇಶಿ ತನ್ನ ಕೈಯಾರೆ ಮಾಡಿದ ಯಾವ ಯಂತ್ರವೂ ಒಂದು ತಿಂಗಳು ದಾಟಿ ಬಾಳಿದ್ದಿಲ್ಲ. ಇದು ಹೊರಗಿನವರ ಚಾಡಿಮಾತಲ್ಲ, ಅವನ ಹೆಂಡತಿ ರೇಖಾಳ ಬಾಯಿಂದಲೇ ಬಂದ ಮಾತು. ಅದನ್ನು ಅವಳು ಸಿಟ್ಟಿನಿಂದ ಹೇಳುವುದೂ ಇಲ್ಲ. ಸೊಪ್ಪಿನವಳಿಗೆ ಸೊಪ್ಪು ಬಾಡಿದೆ ಎಂದು ಹೇಳುವಷ್ಟೇ ಸಹಜವಾಗಿ ಹೇಳಿಬಿಡುತ್ತಾಳೆ, ಅದೇ ತಿಪ್ಪೇಶಿಗೆ ಹೆಚ್ಚು ಚುಚ್ಚುವುದು.

ಹಾಗಂತ ಅವನೇನು ಕೆಲಸ ಬಾರದವನಲ್ಲ. ಆನಗೋಡಿನಲ್ಲಿ ಹುಟ್ಟಿ, ದಾವಣಗೆರೆಯಲ್ಲಿ ಐಟಿಐ ಓದಿ, ನಿಜಲಿಂಗಪ್ಪ ಬಡಾವಣೆಯ ಅಂಚಿನಲ್ಲಿ ಒಂದು ಶಟರಿನ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಟಿವಿ, ಮಿಕ್ಸಿ, ಇಂಡಕ್ಷನ್ ಒಲೆ, ಯುಪಿಎಸ್, ಏನು ತಂದುಕೊಟ್ಟರೂ ಸರಿ, ಒಂದು ಸಲ ಮೂಸಿ ನೋಡಿ ಇಂಥದ್ದೇ ಸುಟ್ಟಿದೆ ಎಂದು ಹೇಳುವ ಮೂಗು ಅವನದು. ರಿಪೇರಿಯಲ್ಲಿ ಅವನನ್ನು ಮೀರಿಸಿದವರು ಆ ಕಡೆ ಯಾರೂ ಇಲ್ಲ. ಆದರೆ ರಿಪೇರಿ ಎಂದರೆ ಅವನಿಗೆ ಊರವರ ಮಕ್ಕಳ ಮೂಗು ಒರೆಸಿದ ಹಾಗೆ. ಒರೆಸಿದ್ದೂ ಒರೆಸಿದ್ದೇ, ಮಗು ಮಾತ್ರ ತನ್ನದಲ್ಲ. ಅವನಿಗೆ ತನ್ನದೇ ಒಂದು ಬೇಕಿತ್ತು. ತಾನು ಮಾಡಿದ್ದೊಂದು ಎಲ್ಲೋ ಒಂದು ಕಡೆ ನಿಂತಿರಬೇಕು, ನಾಲ್ಕು ಜನ ಅದನ್ನು ನಂಬಿ ತಮ್ಮ ಕೆಲಸ ಮಾಡಿಕೊಳ್ಳಬೇಕು. ಇಷ್ಟೇ ಆಸೆ. ಬೇಕಾದರೆ ನಗಿ.

ಪ್ರಯತ್ನಗಳೇನೂ ಕಡಿಮೆ ಇರಲಿಲ್ಲ. ನೀರಿನ ಟ್ಯಾಂಕು ತುಂಬಿದರೆ ಕೂಗುವ ಯಂತ್ರ ಮಾಡಿದ. ಅದರ ಮೇಲೆ ಹಲ್ಲಿ ಕೂತಾಗಲೆಲ್ಲ ಕೂಗಿ ಇಡೀ ಓಣಿಗೆ ನೀರು ಬಂತೆಂಬ ಆಸೆ ಹುಟ್ಟಿಸಿತು. ದೇವರ ಮನೆಗೆ ತಾನಾಗಿ ಹೊತ್ತುವ ದೀಪ ಮಾಡಿದ. ಅದು ಯಾರಾದರೂ ಕೆಮ್ಮಿದರೆ ಹೊತ್ತುತ್ತಿತ್ತು. ಹಾಲು ಉಕ್ಕಿದರೆ ಎಚ್ಚರಿಸುವ ಯಂತ್ರವನ್ನಂತೂ ರೇಖಾ ಹನ್ನೊಂದನೇ ದಿನ ಕಿತ್ತು ಕೈಗಿಟ್ಟಳು. “ಹಾಲು ಉಕ್ಕಿದ ಮೇಲೆ ಉಕ್ಕೈತೆ ಅಂತ ಹೇಳಾಕೆ ಯಂತ್ರ ಯಾಕ್ರೀ? ನಂಗೇನು ಕಣ್ಣಿಲ್ವಾ?” ಎಂದಳು.

ಇಂಥವನಿಗೆ ಶ್ರಾವಣದಲ್ಲಿ ಹರಿಹರದಿಂದ ಕರೆ ಬಂತು. ಕರೆದವನು ಕೆಂಚವೀರಪ್ಪ ಸಾಹುಕಾರ. ಹರಿಹರದ ಹೊರವಲಯದಲ್ಲಿ ಅವನದೊಂದು ದೊಡ್ಡ ಶೆಡ್ಡು, ಅದರಲ್ಲಿ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಟ್ರೇಲರ್‌ಗಳನ್ನು ಮಾಡುತ್ತಾರೆ. ಹದಿನಾಲ್ಕು ವೆಲ್ಡಿಂಗ್ ಯಂತ್ರಗಳು ಬೆಳಗಿನಿಂದ ಸಂಜೆಯವರೆಗೆ ಕಿಡಿ ಕಾರುತ್ತಿರುತ್ತವೆ. ಕೆಂಚವೀರಪ್ಪನ ತಂದೆ ಹಿಂದೆ ದಾವಣಗೆರೆಯ ಮಿಲ್ಲೊಂದರಲ್ಲಿ ಕೆಲಸಕ್ಕಿದ್ದವನು. ಮಿಲ್ಲಿನ ಸೈರನ್ ಕೂಗಿದರೆ ಎದ್ದು, ಕೂಗಿದರೆ ಉಂಡು, ಕೂಗಿದರೆ ಮನೆಗೆ ಬಂದವನು. ಮಿಲ್ಲು ಮುಚ್ಚಿ ಯಾವ ಕಾಲವೋ ಆಗಿತ್ತು. ಗುಜರಿ ಅಂಗಡಿಯ ಫಜಲುಲ್ಲಾನ ಹತ್ತಿರ ಅಂಥದ್ದೇ ಒಂದು ಹಳೇ ಸೈರನ್ ಬಿದ್ದಿರುವುದು ಕಣ್ಣಿಗೆ ಬಿದ್ದದ್ದೇ ತಡ, ಕೆಂಚವೀರಪ್ಪನಿಗೆ ಅಪ್ಪನ ನೆನಪು ಉಕ್ಕಿ ಬಂತು. ಸೈರನ್ ಹೊತ್ತು ತಂದು ಶೆಡ್ಡಿನ ಹಿಂದಿನ ತುದಿಯಲ್ಲಿ ಕಂಬ ನೆಟ್ಟು ಏರಿಸಿಬಿಟ್ಟ.

“ನೋಡೋ ತಿಪ್ಪೇಶಿ,” ಎಂದ ಅವನು. “ಏಳೂವರೆಗೆ ಕೆಲಸ ಶುರು, ಹನ್ನೆರಡಕ್ಕೆ ಊಟ, ಒಂದಕ್ಕೆ ಮತ್ತೆ ಕೆಲಸ, ಐದಕ್ಕೆ ಬಿಡೋದು. ನಾಕೂ ಹೊತ್ತು ತಾನಾಗೇ ಕೂಗ್ಬೇಕು. ಯಾರೂ ಮುಟ್ಟಂಗಿರಬಾರ್ದು. ಆಕತೇನು?”

“ಆಗದೇನ್ರೀ ಸಾವ್ಕಾರ್ರೆ!” ಎಂದ ತಿಪ್ಪೇಶಿ. ಆಗುತ್ತದೋ ಇಲ್ಲವೋ ಎಂದು ಯೋಚಿಸುವ ಮೊದಲೇ ಬಾಯಿಂದ ಬಂದುಬಿಡುವ ಮಾತು ಅದು.

ಕೆಲಸ ಮೇಲ್ನೋಟಕ್ಕೆ ಸುಲಭವೇ. ಗೇಟಿನ ಪಕ್ಕದ ಆಫೀಸಿನಲ್ಲಿ ಒಂದು ಮೈಕ್ರೋಕಂಟ್ರೋಲರ್. ಹಾಗೆಂದರೆ ಬೆರಳಿನ ಉಗುರಿನಷ್ಟು ಅಗಲದ ಕರೀ ಚಿಪ್, ಹೇಳಿಕೊಟ್ಟ ಕೆಲಸವನ್ನು ಹೇಳಿಕೊಟ್ಟ ಹಾಗೆ ಮಾಡುವ ಒಂದು ಪುಟ್ಟ ತಲೆ. ಅದು ಹೊತ್ತು ನೋಡಿಕೊಂಡು “ಕೂಗಿಸು” ಎಂದು ಅಪ್ಪಣೆ ಕಳಿಸಬೇಕು. ಸೈರನ್ ಕಂಬದ ಮೇಲೆ ಅಂಥದ್ದೇ ಇನ್ನೊಂದು ಚಿಪ್, ಅದು ಅಪ್ಪಣೆ ಕೇಳಿ ಸೈರನ್ ಚಾಲೂ ಮಾಡಬೇಕು. ಎರಡರ ನಡುವೆ ನೂರಿಪ್ಪತ್ತು ಅಡಿ ತಂತಿ. ತಿಪ್ಪೇಶಿ ಒಂದು ವಾರದಲ್ಲಿ ಎಲ್ಲ ಜೋಡಿಸಿ, ಗೋಡೆಗುಂಟ ನೀಟಾಗಿ ತಂತಿ ಎಳೆದು, ಮೊದಲ ದಿನ ಏಳೂವರೆಗೆ ಸರಿಯಾಗಿ ಕೂಗಿಸಿ, ಎದೆಯುಬ್ಬಿಸಿಕೊಂಡು ದಾವಣಗೆರೆಗೆ ವಾಪಸಾದ. ಇನ್ನೂ ಅಂಗಡಿಯ ಶಟರ್ ಎತ್ತಿರಲಿಲ್ಲ, ಫೋನು ಬಂತು.

“ಲೇ, ಎಂಟೂ ಹತ್ತಕ್ಕೆ ಕೂಗ್ತು. ಎಂಟೂ ಇಪ್ಪತ್ತಕ್ಕೆ ಕೂಗ್ತು. ಈಗ್ಲೂ ಕೂಗ್ತಾ ಐತೆ, ಕೇಳಿಲ್ಲಿ,” ಎಂದು ಕೆಂಚವೀರಪ್ಪ ಫೋನನ್ನು ಸೈರನ್ ಕಡೆ ಹಿಡಿದ.

ತಿಪ್ಪೇಶಿ ಮೊಪೆಡ್ ಏರಿ ಮತ್ತೆ ಹರಿಹರಕ್ಕೆ ಓಡಿದ. ಕಾರಣ ತಿಳಿಯಲು ಬಹಳ ಹೊತ್ತು ಹಿಡಿಯಲಿಲ್ಲ. ವೆಲ್ಡಿಂಗ್ ರಾಡು ಕಬ್ಬಿಣಕ್ಕೆ ತಾಗಿದಾಗಲೆಲ್ಲ ಸುತ್ತಲಿನ ತಂತಿಗಳಲ್ಲಿ ಕರೆಂಟಿನ ಗದ್ದಲ ಏಳುತ್ತದೆ. ಅದು ಕಿವಿಗೆ ಕೇಳುವಂಥದ್ದಲ್ಲ, ತಂತಿಗೆ ಮಾತ್ರ ತಟ್ಟುವಂಥದ್ದು. ಉದ್ದನೆಯ ತಂತಿ ಆ ಗದ್ದಲವನ್ನೆಲ್ಲ ಹೀರಿಕೊಂಡು ಹೋಗಿ ಕಂಬದ ಚಿಪ್ಪಿಗೆ ಮುಟ್ಟಿಸುತ್ತದೆ. ಆ ಬಡಪಾಯಿ ಚಿಪ್ ಅದನ್ನೇ ಅಪ್ಪಣೆಯೆಂದು ತಿಳಿದು ಕೂಗಿಸಿಬಿಡುತ್ತದೆ. ತಿಪ್ಪೇಶಿ ಒಳ್ಳೇ ತಂತಿ ಹಾಕಿದ, ತಂತಿಯನ್ನು ಕಬ್ಬಿಣದ ಪೈಪಿನೊಳಗೆ ತೂರಿಸಿದ. ಹೊತ್ತಲ್ಲದ ಹೊತ್ತಿನಲ್ಲಿ ಹತ್ತು ಸಲ ಕೂಗುತ್ತಿದ್ದದ್ದು ನಾಲ್ಕು ಸಲಕ್ಕೆ ಇಳಿಯಿತೇ ಹೊರತು ನಿಲ್ಲಲಿಲ್ಲ.

ಇತ್ತ ಕೆಲಸಗಾರರು ಸುಮ್ಮನಿರುತ್ತಾರೆಯೇ? ಯಾವ ಟ್ರೇಲರಿನ ಯಾವ ಮೂಲೆಗೆ ರಾಡು ಮುಟ್ಟಿಸಿದರೆ ಸೈರನ್ ಕೂಗುತ್ತದೆ ಎಂಬುದನ್ನು ಹಿರಿಯ ವೆಲ್ಡರ್ ಬೋರಣ್ಣ ಎರಡೇ ದಿನದಲ್ಲಿ ಕಂಡುಹಿಡಿದ. ಹಸಿವಾದಾಗ ಬೋರಣ್ಣ ಆ ಮೂಲೆಗೆ ಹೋಗಿ ಟಕ್ ಎಂದು ರಾಡು ತಾಗಿಸುವುದು, ಸೈರನ್ ಕೂಗುವುದು, ಮೂವತ್ತು ಜನ ಕೈ ತೊಳೆದುಕೊಂಡು ಎದುರಿನ ಹುಲಿಗೆಮ್ಮನ ಖಾನಾವಳಿಗೆ ನುಗ್ಗುವುದು. ಸಾಹುಕಾರ ಗದರಿದರೆ ಬೋರಣ್ಣನ ಮುಖ ಹಾಲು ಕುಡಿದ ಕೂಸಿನದು. “ಊಟದ ಹೊತ್ತಾತು ಅಂತ ಸೈರನ್ನೇ ಹೇಳ್ತಲ್ರಿ. ನಾವೇನ್ ಮಾಡಾಣ?”

ಹುಲಿಗೆಮ್ಮ ಮಾತ್ರ ಸೆರಗು ಸಿಕ್ಕಿಸಿಕೊಂಡು ಶೆಡ್ಡಿನ ಬಾಗಿಲಿಗೇ ಬಂದಳು. “ಯಪ್ಪಾ, ಯಾವನು ಈ ಸೈರನ್ ಮಾಡ್ದೋನು? ಹತ್ತೂವರೆಗೆ ಊಟಕ್ಕೆ ಬಂದ್ರೆ ಏನ್ ಬಡಿಸ್ಲಿ, ರೊಟ್ಟಿ ಹಂಚು ಬಡಿಸ್ಲಾ?”

ಮಾಡಿದವನು ಅವಳ ಎದುರಿಗೇ ನಿಂತಿದ್ದ. ನಾನು ಅಲ್ಲ ಎನ್ನುವಂತೆ ತಿಪ್ಪೇಶಿ ಸುತ್ತಮುತ್ತ ನೋಡಿದ.

ತಂತಿ ಬೇಡ, ತಂತಿಯ ಸಹವಾಸವೇ ಬೇಡ ಎಂದು ತೀರ್ಮಾನಿಸಿದ. ಟಿವಿ ರಿಮೋಟು ತಂತಿಯಿಲ್ಲದೆ ಬೆಳಕಿನಲ್ಲೇ ಮಾತಾಡುವುದಿಲ್ಲವೇ? ಬೆಳಕಿಗೆ ಕರೆಂಟಿನ ಗದ್ದಲ ತಟ್ಟುವುದಿಲ್ಲ. ಆಫೀಸಿನ ಗೋಡೆಗೆ ಒಂದು ಕೆಂಪು ಎಲ್‌ಇಡಿ ಕೂರಿಸಿದ, ಕಂಬದ ಮೇಲೆ ಅದರತ್ತ ನೋಡುವ ಒಂದು ಕಣ್ಣು. ಎರಡು ಉದ್ದ, ಮೂರು ಗಿಡ್ಡ ಎಂದು ದೀಪ ಮಿಣುಕಿದರೆ ಮಾತ್ರ ಅಪ್ಪಣೆ, ಬೇರೆ ಯಾವುದಕ್ಕೂ ಕೂಗಕೂಡದು ಎಂದು ಕಂಬದ ಚಿಪ್ಪಿಗೆ ಕಟ್ಟುನಿಟ್ಟಾಗಿ ಕಲಿಸಿದ. ಅದು ಎಷ್ಟು ಚೆನ್ನಾಗಿ ಕಲಿಯಿತೆಂದರೆ ಕೂಗುವುದನ್ನೇ ಬಿಟ್ಟಿತು.

ಬಿಡದೆ ಇನ್ನೇನು ಮಾಡೀತು? ಶೆಡ್ಡಿನ ತುಂಬ ಹದಿನಾಲ್ಕು ಕಡೆ ಕಣ್ಣು ಕುಕ್ಕುವ ವೆಲ್ಡಿಂಗ್ ಬೆಳಕು. ಅದರ ನಡುವೆ ಈ ಬಡ ಎಲ್‌ಇಡಿಯ ಮಿಣುಕು ಯಾರಿಗೆ ಕಾಣಬೇಕು? ವೆಲ್ಡಿಂಗ್ ನಿಂತ ಹೊತ್ತಿನಲ್ಲಾದರೂ ಕಂಡೀತು ಎಂದರೆ, ಕೆಲಸ ಮುಗಿದ ಟ್ರೇಲರನ್ನು ತಂದು ನಿಲ್ಲಿಸುವ ಜಾಗ ಸರಿಯಾಗಿ ಎರಡರ ಮಧ್ಯದಲ್ಲೇ. ಮೊದಲ ದಿನ ಐದರ ಸೈರನ್ ಕೂಗದೆ ಕೆಲಸಗಾರರು ಆರೂ ಕಾಲಿನವರೆಗೆ ದುಡಿದರು. ಎರಡನೇ ದಿನ ಅವರಿಗೆ ಒಂದು ವಿಷಯ ಹೊಳೆಯಿತು. ಟ್ರೇಲರ್ ಮುಗಿದರೆ ತಾನೇ ಅದು ಅಡ್ಡ ಬಂದು ನಿಲ್ಲುವುದು? ಮುಗಿಸದೆ ರಾಡು ಕೆಳಗಿಟ್ಟರೆ ಸೈರನ್ ಕೂಗಲೇಬೇಕಲ್ಲ? ಅಲ್ಲಿಂದ ಮುಂದೆ ಎಲ್ಲ ಟ್ರೇಲರ್‌ಗಳಿಗೂ ಒಂದೊಂದು ಬಾಗಿಲು ಬಾಕಿ, ಒಂದೊಂದು ಕೊಂಡಿ ಬಾಕಿ. ಕೆಂಚವೀರಪ್ಪ ತಲೆ ಮೇಲೆ ಕೈ ಹೊತ್ತು ಕೂತ.

“ಸೈರನ್ ಹಾಕ್ಸಿದ್ ಮ್ಯಾಲೆ ನನ್ನ ಫ್ಯಾಕ್ಟ್ರಿನೇ ನಿಂತೋತಲ್ಲೋ ತಿಪ್ಪೇಶಿ! ಕೇಳು ಇಲ್ಲಿ. ಆಯುಧಪೂಜೆ ದಿನ ಮಧ್ಯಾಹ್ನ ಹನ್ನೆರಡಕ್ಕೆ ಮಂಗಳಾರತಿ. ಬಂದೋರ್ ಎದ್ರಿಗೆ ಸೈರನ್ ಹನ್ನೆರಡಕ್ಕೆ ಕೂಗ್ಬೇಕು, ಒಂದೇ ಸಲ ಕೂಗ್ಬೇಕು. ಕೂಗ್ತೋ, ಕಂಬದ ಮ್ಯಾಲೆ ಇರ್ತೈತೆ. ಇಲ್ಲೋ, ಫಜಲುಲ್ಲಾ ಅವತ್ತೇ ಗಾಡಿ ತಂದಿರ್ತಾನೆ, ಎತ್ತಿ ಹಾಕಿ ಕಳಿಸ್ತೀನಿ. ನೀನೂ ಸುಮ್ನೆ ಮಿಕ್ಸಿ ನೋಡ್ಕೊಂಡಿರು. ಏನು?”

ತಿಪ್ಪೇಶಿಗೆ ಅಳು ಬಂತು, ನಿಜವಾಗಿಯೂ ಬಂತು. ನಲವತ್ತನಾಲ್ಕು ವರ್ಷದ ಗಂಡಸು ಹರಿಹರದಿಂದ ದಾವಣಗೆರೆವರೆಗೆ ಹೆಲ್ಮೆಟ್ಟಿನೊಳಗೆ ಮೂಗು ಸುರಿಸಿಕೊಂಡು ಬಂದ. ಮಿಕ್ಸಿ ನೋಡಿಕೊಂಡಿರು ಎಂದರಲ್ಲ! ಇದೂ ಹೋದರೆ ಇನ್ನು ಯಾವ ಬಾಯಿಟ್ಟುಕೊಂಡು ಇನ್ನೊಂದು ಮಾಡಲಿ, ಯಾರು ತಾನೇ ಮಾಡಲು ಕೊಟ್ಟಾರು ಎಂದು ಅವನಿಗೆ ದಾರಿಯುದ್ದಕ್ಕೂ ಅದೇ ಸಂಕಟ.

ಸಂಕಟವಾದಾಗ ಅವನು ಹೋಗುವುದು ಫಜಲುಲ್ಲಾನ ಗುಜರಿಗೆ. ಅಲ್ಲಿ ಯಾವ ಯಂತ್ರವೂ ಕೆಲಸ ಮಾಡುವುದಿಲ್ಲವಾದ್ದರಿಂದ ಮನಸ್ಸಿಗೆ ಸಮಾಧಾನ. ಫಜಲುಲ್ಲಾ ಅವತ್ತು ಒಂದು ಕಲ್ಯಾಣಮಂಟಪದ ಚಾವಣಿ ಕಿತ್ತ ಸಾಮಾನಿನ ಮುಂದೆ ಬೇಜಾರಾಗಿ ಕೂತಿದ್ದ. ಮದುಮಕ್ಕಳ ತಲೆಯ ಮೇಲೆ ನಕ್ಷತ್ರದ ಹಾಗೆ ಮಿನುಗಲಿ ಎಂದು ಚಾವಣಿಗೆ ಹಾಕಿಸಿದ್ದ ಸಣ್ಣ ಪಾರದರ್ಶಕ ತಂತಿಯ ಸಿಂಬೆಗಳು ಅಲ್ಲಿ ರಾಶಿ ಬಿದ್ದಿದ್ದವು.

“ಇದ್ರಾಗೆ ತಾಮ್ರನೇ ಇಲ್ಲ ತಿಪ್ಪೇಶ್ ಭಾಯ್,” ಎಂದ ಫಜಲುಲ್ಲಾ. “ಸುಟ್ಟು ನೋಡ್ದೆ, ಬರೀ ಪ್ಲಾಸ್ಟಿಕ್. ಪೂರಾ ಬೇಕಾರ್ ಮಾಲು. ಬೇಕಾದ್ರೆ ತಗೊಂಡೋಗು, ಜಾಗ ಆದ್ರೂ ಖಾಲಿ ಆಗ್ಲಿ.”

ತಿಪ್ಪೇಶಿ ಒಂದು ಎಳೆ ಎತ್ತಿಕೊಂಡು ಒಂದು ತುದಿಯನ್ನು ಬಿಸಿಲಿಗೆ ಹಿಡಿದು ಇನ್ನೊಂದು ತುದಿ ನೋಡಿದ. ಸಾಸಿವೆ ಗಾತ್ರದ ಒಂದು ಬೆಳಕು ಅಲ್ಲಿ ಕೂತಿತ್ತು. ಎಳೆಯನ್ನು ಬಗ್ಗಿಸಿದ, ಸುತ್ತಿದ, ಬೆಳಕು ಕದಲಲಿಲ್ಲ. “ಅಯ್ಯೋ ನನ್ನ ಕತ್ತೇತನವೇ!” ಎಂದು ಹಣೆ ಬಡಿದುಕೊಂಡ. ಟಿವಿಯಿಂದ ಸ್ಪೀಕರಿಗೆ ಸದ್ದು ಒಯ್ಯುವ ಇಂಥ ಬೆಳಕಿನ ತಂತಿಯನ್ನು ಅವನು ನೂರು ಸಲ ಜೋಡಿಸಿದ್ದ, ಬಿಚ್ಚಿದ್ದ. ಆದರೆ ಬುದ್ಧಿ ಬೇಕಾದಾಗ ಓಡಿದರೆ ತಾನೇ? ಈ ತಂತಿಯಲ್ಲಿ ಹೋಗುವುದು ಬೆಳಕು, ಆದ್ದರಿಂದ ಕರೆಂಟಿನ ಗದ್ದಲ ಅದನ್ನು ಮುಟ್ಟದು. ಬೆಳಕು ತಂತಿಯೊಳಗೇ ಹೋಗುವುದರಿಂದ ಹೊರಗಿನ ವೆಲ್ಡಿಂಗ್ ಬೆಳಕನ್ನೂ ತಡೆಯಬಹುದು, ಟ್ರೇಲರ್ ಅಡ್ಡ ನಿಂತರೂ ಬಳಸಿಕೊಂಡು ಹೋಗಬಹುದು.

ಹೊರಗಿನ ಬೆಳಕು ತಾಗದಂತೆ ತಂತಿಗೆ ಕರೀ ಹೊದಿಕೆ ಬೇಕಿತ್ತು. ರೇಖಾಳ ತವರು ಕಡರನಾಯಕನಹಳ್ಳಿ. ಅಲ್ಲಿ ಅವಳ ಅಣ್ಣನ ತೋಟದಲ್ಲಿ ಉಳಿದಿದ್ದ ಡ್ರಿಪ್ ಪೈಪು ಕರ್ರಗೆ ಇತ್ತು, ಹೇಳಿ ಮಾಡಿಸಿದ ಹಾಗಿತ್ತು. ಅದರೊಳಗೆ ಎರಡು ಎಳೆ ತೂರಿಸಿದ. ಒಂದು ಅಪ್ಪಣೆ ಹೋಗುವುದಕ್ಕೆ, ಇನ್ನೊಂದು ಉತ್ತರ ಬರುವುದಕ್ಕೆ. ಕಂಬದ ಚಿಪ್ “ಕೇಳಿಸಿತು, ಕೂಗಿಸಿದೆ” ಎಂದು ತಿರುಗಿ ಹೇಳುವ ತನಕ ಆಫೀಸಿನ ಚಿಪ್ ಬಿಡದೆ ಕರೆಯುತ್ತಲೇ ಇರಬೇಕು. ತುದಿಗಳನ್ನು ಬ್ಲೇಡಿನಿಂದ ಕತ್ತರಿಸಿ, ನುಣುಪಾದ ಎಮೆರಿ ಕಾಗದದಲ್ಲಿ ಗಾಜಿನಂತೆ ಹೊಳೆಯುವ ತನಕ ಉಜ್ಜಿದ. ಕಂಬದ ಚಿಪ್ಪನ್ನು ಗದ್ದಲದಿಂದ ಕಾಪಾಡಲು ಒಂದು ಸ್ಟೀಲ್ ಡಬ್ಬಿಯೊಳಗೆ ಕೂರಿಸಿ, ಅದಕ್ಕೆಂದೇ ಬೇರೆ ಬ್ಯಾಟರಿ ಕೊಟ್ಟ. ಡಬ್ಬಿ ರೇಖಾಳ ಅವಲಕ್ಕಿ ಡಬ್ಬಿ.

“ಒಯ್ರಿ, ಬ್ಯಾಡ ಅನ್ನಲ್ಲ,” ಎಂದಳು ರೇಖಾ. “ಹೆಂಗಿದ್ರೂ ತಿಂಗಳೊಳಗೆ ವಾಪಸ್ ಬರ್ತೈತೆ. ತೊಳೆದು ತಂದ್ಕೊಡ್ರಿ.”

ಆಯುಧಪೂಜೆಗೆ ಇನ್ನೂ ಹದಿನೆಂಟು ದಿನ ಇದ್ದಾಗ ಬೆಳಕಿನ ತಂತಿ ಕೆಲಸ ಶುರು ಮಾಡಿತು. ಮೊದಲ ದಿನ ಹನ್ನೆರಡಕ್ಕೆ ಸೈರನ್ ಸರಿಯಾಗಿ ಕೂಗಿತು. ಶೆಡ್ಡಿನಲ್ಲಿ ಒಬ್ಬನೂ ತಲೆ ಎತ್ತಲಿಲ್ಲ. ಬೋರಣ್ಣ ಕೈಯಲ್ಲಿದ್ದ ರಾಡು ಮುಗಿಸಿ, ಗೇಟಿನ ಹತ್ತಿರ ಹೋಗಿ, “ಹುಲಿಗೆಮ್ಮಾ, ಟೈಮ್ ಎಷ್ಟಾತು?” ಎಂದು ಕೇಳಿದ.

“ಅದು ಕೂಗ್ತೈತೆ, ಕೂಗ್ಲಿ ಬಿಡು. ನನ್ನ ಅನ್ನ ಇನ್ನೂ ಆಗಿಲ್ಲ,” ಎಂದಳು ಹುಲಿಗೆಮ್ಮ.

ಗೇಟಿನ ಹೊರಗೆ ನಿಂತು ನೋಡುತ್ತಿದ್ದ ತಿಪ್ಪೇಶಿಗೆ ಕೂಗದಿದ್ದಾಗ ಆದ ನೋವಿಗಿಂತ ಇದು ದೊಡ್ಡದಾಯಿತು. ಸರಿಯಾಗಿ ಕೂಗಿದರೂ ನಂಬುವವರಿಲ್ಲ! ಆದರೂ ದಿನಾ ಹನ್ನೆರಡಕ್ಕೆ ಮೊಪೆಡ್ ಹತ್ತಿ ಬಂದು ಗೇಟಿನ ಎದುರು ನಿಲ್ಲತೊಡಗಿದ. ಅತ್ತ ಅಂಗಡಿಯಲ್ಲಿ ಮಿಕ್ಸಿಗಳು ಸಾಲುಗಟ್ಟಿದವು, ಗಿರಾಕಿಗಳು ಬೈದರು. ಬೋರಣ್ಣ ಹಳೇ ಮೂಲೆಗೆ ಹೋಗಿ ಟಕ್ ಟಕ್ ಎಂದು ರಾಡು ಮುಟ್ಟಿಸಿ ನೋಡಿದ, ಸೈರನ್ ಜಪ್ಪಯ್ಯ ಎನ್ನಲಿಲ್ಲ. “ಎಂಥ ಬುದ್ಧಿವಂತ ಸೈರನ್ ಇತ್ತು, ಹಾಳು ಮಾಡ್ಬಿಟ್ರಲ್ಲ ತಿಪ್ಪೇಶಣ್ಣ,” ಎಂದು ಮುಖ ಸಣ್ಣಗೆ ಮಾಡಿಕೊಂಡ.

ನಾಲ್ಕನೇ ದಿನ ಹುಲಿಗೆಮ್ಮ ಸೈರನ್ ಕೂಗಿದಾಗ ಗೋಡೆ ಗಡಿಯಾರದ ಕಡೆ ನೋಡಿ ಹುಬ್ಬೇರಿಸಿದಳು. ಏಳನೇ ದಿನ ಕೂಗು ಕೇಳಿಯೇ ತಟ್ಟೆ ಹಾಕಿದಳು. ಹತ್ತನೇ ದಿನದ ಹೊತ್ತಿಗೆ ಓಣಿಯ ಹೆಂಗಸರು ಏಳೂವರೆ ಕೂಗಿಗೆ ನಲ್ಲಿ ತಿರುಗಿಸುವುದು, ಐದರ ಕೂಗಿಗೆ ಚಹಾಕ್ಕಿಡುವುದು ಶುರುವಾಯಿತು. ಹದಿನಾಲ್ಕನೇ ದಿನ ಒಬ್ಬ ಮುದುಕ ಸೈರನ್ ಕೂಗಿದ್ದನ್ನು ಕೇಳಿ ಜೇಬಿನಿಂದ ಮಾತ್ರೆ ತೆಗೆದು ನುಂಗಿದ. ತಿಪ್ಪೇಶಿ ಅದನ್ನು ಕಣ್ಣಾರೆ ಕಂಡ. ಹೋಗಿ ಆ ಮುದುಕನ ಕಾಲಿಗೆ ಬೀಳಬೇಕೆನ್ನಿಸಿತು. ಇನ್ನು ಐದೇ ದಿನ ತಪ್ಪದೆ ಕೂಗಿದರೆ ತಾನು ಗೆದ್ದ ಹಾಗೆ.

ಆಯುಧಪೂಜೆ ಬಂತು. ತಿಪ್ಪೇಶಿ ಹೊಸ ಪಂಚೆ ಉಟ್ಟು, ರೇಖಾಳನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹನ್ನೊಂದೂವರೆಗೆ ಹರಿಹರ ಮುಟ್ಟಿದ. ಶೆಡ್ಡು ಗುರುತು ಸಿಗದ ಹಾಗಿತ್ತು. ಹದಿನಾಲ್ಕು ವೆಲ್ಡಿಂಗ್ ಯಂತ್ರಗಳೂ ಮಿಂದು ಮಡಿಯುಟ್ಟು ಸಾಲಾಗಿ ಕೂತಿದ್ದವು. ಮೈಗೆಲ್ಲ ವಿಭೂತಿ, ನಡುವೆ ಕುಂಕುಮ, ತಲೆಗೆ ಚೆಂಡುಹೂವು. ಸುತ್ತಿಗೆಗೂ ವಿಭೂತಿ, ಇಕ್ಕಳಕ್ಕೂ ವಿಭೂತಿ, ಗೇಟಿನ ಬೀಗಕ್ಕೂ ವಿಭೂತಿ. ಕೆಂಚವೀರಪ್ಪ ಜರಿ ಪೇಟ ಸುತ್ತಿಕೊಂಡು ಬಂದವರನ್ನೆಲ್ಲ “ಬರ್ರಿ, ಕೂಡ್ರಿ” ಎನ್ನುತ್ತಿದ್ದ. ಗೇಟಿನ ಬಳಿ ಫಜಲುಲ್ಲಾನ ಗೂಡ್ಸ್ ಆಟೋ ನಿಂತಿತ್ತು, ಅದರ ಮೇಲೆ ಕೂತು ಅವನು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದ. ತಿಪ್ಪೇಶಿಯ ಕಡೆ ಕೈ ಬೀಸಿ, “ಹಗ್ಗ ತಂದೀನಿ, ಆದ್ರೆ ಬೇಕಾಗ್ಬಾರ್ದು ಅಂತ ದುವಾ ಮಾಡೀನಿ ಭಾಯ್,” ಎಂದ. ಒಳ್ಳೇ ಮನುಷ್ಯ.

ಹನ್ನೆರಡಕ್ಕೆ ಒಂದು ನಿಮಿಷ ಇದ್ದಾಗ ಪೂಜೆ ಮಾಡಿಸುವ ಅಯ್ಯನವರು ಕರ್ಪೂರ ಹಚ್ಚಿದರು. ಕೆಂಚವೀರಪ್ಪ ಮಂಗಳಾರತಿ ತಟ್ಟೆ ಹಿಡಿದು ಕಂಬದ ಕಡೆ ಮುಖ ಮಾಡಿದ. ಹುಲಿಗೆಮ್ಮ ಖಾನಾವಳಿಯ ಬಾಗಿಲಲ್ಲಿ ನಿಂತಿದ್ದಳು. ಅವತ್ತು ಎಲ್ಲ ಯಂತ್ರ ಬಂದ್, ಶೆಡ್ಡಿನಲ್ಲಿ ಒಂದು ಕಿಡಿಯಿಲ್ಲ, ತಂತಿಗಳಲ್ಲಿ ಒಂದು ಗದ್ದಲವಿಲ್ಲ. ವರ್ಷದಲ್ಲೇ ಇಷ್ಟು ಒಳ್ಳೆಯ ದಿನ ಸೈರನ್ನಿಗೆ ಇನ್ನೊಂದು ಸಿಗಲಾರದು ಎಂದುಕೊಂಡ ತಿಪ್ಪೇಶಿ.

ಹನ್ನೆರಡಾಯಿತು. ಸೈರನ್ ಕೂಗಲಿಲ್ಲ.

ತಿಪ್ಪೇಶಿ ಕಂಬದಿಂದ ಕಣ್ಣು ಕೀಳಲಿಲ್ಲ. ಅರ್ಧ ನಿಮಿಷ ಇದ್ದೀತು, ಸುಧಾರಿಸಿಕೊಳ್ಳುತ್ತಿದ್ದೀತು ಎಂದು ಕಾದ. ಅಯ್ಯನವರು ಮಂತ್ರ ಮುಗಿಸಿ, ಸಾಹುಕಾರನ ಮುಖ ನೋಡಿ, ಅದೇ ಮಂತ್ರವನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡರು. ತಿಪ್ಪೇಶಿ ಆಫೀಸಿಗೆ ಓಡಿ ನೋಡಿದ. ಅಲ್ಲಿನ ಚಿಪ್ ತನ್ನ ಕೆಲಸ ಮಾಡುತ್ತಿತ್ತು, ಕೆಂಪು ದೀಪ ಮಿಣುಮಿಣುಕಿ ಕರೆಯುತ್ತಲೇ ಇತ್ತು, ಆ ಕಡೆಯಿಂದ ಉತ್ತರ ಮಾತ್ರ ಇಲ್ಲ. ಪಂಚೆ ಎತ್ತಿ ಕಟ್ಟಿ, ಬಂದವರ ನಡುವೆ ನುಗ್ಗಿ, ಕಂಬದ ಕಡೆ ಓಡಿದ. ಬೋರಣ್ಣನೂ ಹಿಂದೆಯೇ ಓಡಿ ಬಂದು ಏಣಿ ಹಿಡಿದ. ಮೇಲೆ ಹತ್ತಿದ ತಿಪ್ಪೇಶಿಯ ಕಣ್ಣಿಗೆ ಅವಲಕ್ಕಿ ಡಬ್ಬಿ ಮದುವಣಗಿತ್ತಿಯ ಹಾಗೆ ಕಂಡಿತು. ಮೂರು ಬೆರಳಿನ ವಿಭೂತಿ, ಕುಂಕುಮ, ಹೂವು, ಎಲ್ಲ ಇತ್ತು. ಬೆಳಕಿನ ತಂತಿಯ ತುದಿ ಹೊರಗೆಳೆದ. ತುದಿಗಳೆರಡೂ ವಿಭೂತಿ ಮೆತ್ತಿಕೊಂಡು ಬೆಳ್ಳಗಾಗಿದ್ದವು, ವಿಭೂತಿಯ ನಡುವೆ ಒಂದೊಂದು ಸಣ್ಣ ಕುಂಕುಮದ ಬೊಟ್ಟು.

“ಇದ್ಯಾವನೋ ತುದಿಗೆ ವಿಭೂತಿ ಹಚ್ಚಿದೋನು!”

“ನಾನೇ ಹಚ್ಚಿದ್ದಣ್ಣ,” ಎಂದ ಬೋರಣ್ಣ ಕೆಳಗಿನಿಂದ, ಹೆಮ್ಮೆಯಿಂದಲೇ. “ಡಬ್ಬಿಗೆ ಹಚ್ಚಿ, ಸೈರನ್ನಿಗೆ ಹಚ್ಚಿ, ಪಾಪ ನಡುವೆ ದುಡಿಯೋ ತಂತಿಗೆ ಹಚ್ಚದೆ ಹೆಂಗಿರಾಣ? ಅದ್ರಾಗೆ ಕರೆಂಟಿಲ್ಲ, ಮುಟ್ಟಿದ್ರೆ ಏನೂ ಆಗಲ್ಲ ಅಂತ ನೀವೇ ಹೇಳಿದ್ರಲ್ಲ. ಬಿಚ್ಚಿ, ತೊಳೆದು, ಬೆಳಕು ಹೋಗೋ ಜಾಗ ಅಲ್ವಾ ಅಂತ ಅಲ್ಲಿಗೇ ಇಟ್ಟು, ಹಂಗೇ ಜ್ವಾಪಾನವಾಗಿ ಸಿಗಿಸ್ದೆ.”

ಬೈಯಲು ಹೊತ್ತಿರಲಿಲ್ಲ. ಹೊಸ ಪಂಚೆಯ ತುದಿಗೆ ಉಗುಳು ಹಚ್ಚಿ ತಂತಿಯ ತುದಿ ಒರೆಸಿದ, ಮತ್ತೆ ಒರೆಸಿದ, ಬಾಯಿಂದ ಉಫ್ ಎಂದು ಊದಿದ. ಒಂದನ್ನು ಸಿಗಿಸಿದ. ಇನ್ನೊಂದನ್ನು ಸಿಗಿಸುವಷ್ಟರಲ್ಲಿ ಅವನ ಕಿವಿಯಿಂದ ಒಂದು ಮೊಳ ದೂರದಲ್ಲಿ ಸೈರನ್ ಕೂಗಿತು. ಕೂಗಿದ್ದೆಂದರೆ ಕೂಗು! ತಿಪ್ಪೇಶಿ ಏಣಿಯಿಂದ ಬೋರಣ್ಣನ ಮೇಲೆ ಬಿದ್ದ, ಇಬ್ಬರೂ ಚೆಂಡುಹೂವಿನ ಬುಟ್ಟಿಯ ಮೇಲೆ ಬಿದ್ದರು.

ಕೂಗು ನಿಂತ ಮೇಲೂ ಅವನ ಕಿವಿಯಲ್ಲಿ ಅದು ನಿಲ್ಲಲಿಲ್ಲ. ಎದ್ದು ಆಫೀಸಿನ ಗಡಿಯಾರ ನೋಡಿದ, ಹನ್ನೆರಡು ಗಂಟೆ ಏಳು ನಿಮಿಷ. ಮುಗಿಯಿತು ಎಂದುಕೊಂಡ. ಏಳು ನಿಮಿಷ ತಡ, ಅದೂ ಎಲ್ಲರ ಎದುರಿಗೆ. ಫಜಲುಲ್ಲಾನ ಹಗ್ಗ ಕಣ್ಣ ಮುಂದೆ ಬಂತು. ಹೂವಿನ ಎಸಳು ಕೊಡವಿಕೊಂಡು, ಬೈಸಿಕೊಳ್ಳುವುದನ್ನು ಬೇಗ ಬೈಸಿಕೊಂಡುಬಿಡೋಣ ಎಂದು ನೇರವಾಗಿ ಕೆಂಚವೀರಪ್ಪನ ಮುಂದೆ ಹೋಗಿ ನಿಂತ.

ಕೆಂಚವೀರಪ್ಪ ಮಂಗಳಾರತಿ ತಟ್ಟೆ ಕೆಳಗಿಟ್ಟು ತನ್ನ ಮೊಬೈಲನ್ನು ತಟ್ಟಿ ತಟ್ಟಿ ನೋಡುತ್ತಿದ್ದ. “ಏನಿದು, ಈ ಮೊಬೈಲ್ ಏಳು ನಿಮಿಷ ಮುಂದೈತಲ್ಲೋ! ನೆಟ್‌ವರ್ಕ್ ಸರಿಯಿಲ್ಲ ಅನ್ಸುತ್ತೆ.” ಆಮೇಲೆ ಬಂದವರ ಕಡೆ ತಿರುಗಿ, “ನೋಡಿದ್ರಾ? ಆರತಿ ಕೈಯಾಗೆ ಹಿಡ್ದು ಎಷ್ಟೊತ್ತು ನಿಂತಿದ್ದೆ. ನಾವೆಲ್ಲ ಮೊದ್ಲೇ ಶುರು ಹಚ್ಕೊಂಡಿದ್ವಿ,” ಎಂದ. ಅಯ್ಯನವರು ಮಂತ್ರ ಮೂರು ಸಲ ಹೇಳಿ ದಣಿದಿದ್ದರೂ, ಮುಹೂರ್ತಕ್ಕೆ ಸರಿಯಾಗಿ ಕೂಗಿತು ಎಂದು ತಲೆಯಾಡಿಸಿದರು.

“ಸಾವ್ಕಾರ್ರೆ,” ಎಂದ ತಿಪ್ಪೇಶಿ. ತನ್ನ ದನಿ ತನಗೇ ಕೇಳಿಸದೆ ಕಿರುಚಿದ. “ಗಡಿಯಾರ ಸರಿಯೈತ್ರಿ! ಸೈರನ್ನೇ ಏಳು ನಿಮಿಷ ತಡ ಆತು! ತಂತಿ ತುದಿಗೆ ವಿಭೂತಿ ಮೆತ್ತಿತ್ತು!”

ಕೆಂಚವೀರಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. “ಲೇ, ಏಣಿಯಿಂದ ಬಿದ್ದು ತಲೆಗೇನಾರ ಪೆಟ್ಟಾತಾ? ಹದಿನೆಂಟು ದಿನದಿಂದ ಒಂದಿನ ಒಂದು ನಿಮಿಷ ತಪ್ಪಿಲ್ಲ ಅದು. ನಿನ್ನ ಮಾತು ನಂಬ್ಲೋ, ಸೈರನ್ ನಂಬ್ಲೋ?”

ತಿಪ್ಪೇಶಿ ಸಾಕ್ಷಿಗೆ ಬೋರಣ್ಣನ ಕಡೆ ನೋಡಿದ. “ಪೂಜೆ ಮಾಡ್ಸಿಕೊಂಡ ಮ್ಯಾಲೆ ತಪ್ಪು ಕೂಗಾಕ ಆಗ್ತೈತಾ ಅಣ್ಣ?” ಎಂದ ಅವನು. ಎದುರಿನ ಖಾನಾವಳಿಯಲ್ಲಿ ಹುಲಿ‌ಗೆಮ್ಮ ಸ್ಟೂಲು ಹತ್ತಿ ಗೋಡೆ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸುತ್ತಾ, ಈ ಗಡಿಯಾರ ಯಾವಾಗಲೂ ಇಷ್ಟೇ ಎಂದು ಗೊಣಗುತ್ತಿದ್ದಳು. ಅವಳನ್ನು ನೋಡಿ ಪಕ್ಕದ ಮನೆಯವರೂ ತಮ್ಮ ಗಡಿಯಾರ ಇಳಿಸಿದರು. ಫಜಲುಲ್ಲಾ ಹಗ್ಗ ಸುತ್ತಿಟ್ಟು ಬಂದು ತಿಪ್ಪೇಶಿಯನ್ನು ತಬ್ಬಿಕೊಂಡ.

ತಿಪ್ಪೇಶಿ ಕೊನೆಗೆ ರೇಖಾಳನ್ನು ಹುಡುಕಿದ. ಇವಳಾದರೂ ತನ್ನನ್ನು ನಂಬಬೇಕು. ಅವಳು ಹೆಂಗಸರ ಸಾಲಿನ ಕೊನೆಯಲ್ಲಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಕೈಗಡಿಯಾರದ ಕೀ ತಿರುಗಿಸಿ ಏಳು ನಿಮಿಷ ಹಿಂದಕ್ಕೆ ಇಡುತ್ತಿದ್ದಳು.

ಅವನು ಅವಳ ಕೈ ಹಿಡಿದು ತಡೆಯಲಿಲ್ಲ. ಎಲ್ಲರೂ ಊಟಕ್ಕೆ ಕೂತ ಮೇಲೆ ಒಬ್ಬನೇ ಆಫೀಸಿಗೆ ಹೋಗಿ, ಇಡೀ ಓಣಿಯಲ್ಲಿ ಸರಿಯಾದ ಹೊತ್ತು ಗೊತ್ತಿದ್ದ ಆ ಒಂದೇ ಒಂದು ಚಿಪ್ಪನ್ನೂ ಏಳು ನಿಮಿಷ ಹಿಂದಕ್ಕೆ ಇಟ್ಟು, ಕೈ ತೊಳೆದುಕೊಂಡು ಬಂದು ಹೆಂಡತಿಯ ಪಕ್ಕ ಊಟಕ್ಕೆ ಕೂತ.